ಸಂಬಂಧಗಳ ಜಾಲದಲ್ಲಿ ಸೋಂಕಿನ ಹಾದಿ: ಗಣಿತ ಹೇಳುವುದೇನು?

ಅಂಜನಾಪುರ (ಶಿಕಾರಿಪುರ ತಾಲ್ಲೂಕು): ಕುಮುದ್ವತಿ ನದಿಗೆ ಅಡ್ಡಲಾಗಿ ನಿರ್ಮಿಸಿರುವ ಅಂಜನಾಪುರ ಜಲಾಶಯ ಮಳೆಗಾಲದಲ್ಲಿ ಕೋಡಿ ಬಿದ್ದರೆ ನೀರು ಎತ್ತ ಹರಿಯುತ್ತದೆ ಎಂಬುದನ್ನು ಈ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನದಿ ಶಿಕಾರಿಪುರವನ್ನು ಹಾದು ಮಾಸೂರು ಬಳಿಯ ಮದಗದ ಕೆರೆಯತ್ತ, ಅಲ್ಲಿಂದ ಮುಂದೆ ತುಂಗಭದ್ರೆಯತ್ತ ಸಾಗುತ್ತದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆರೆಗಳಲ್ಲಿ ಅನೇಕವು ಹೀಗೆಯೇ ಸಾಲುಗೂಡಿವೆ; ಒಂದರ ಕೋಡಿ ಮತ್ತೊಂದರ ಒಡಲು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಸಾಲಿಗೆಲ್ಲ ಆತಂಕ. ಕೆಳಗಿನದು ಒಡೆದರೆ ಮೇಲಿನದಕ್ಕೆ ಭಯವಿಲ್ಲ. ಒಂದು ಕೆರೆಗೆ ಬರುವ ಅಪಾಯವನ್ನು ಅದರ ಏರಿಯ ಗಟ್ಟಿತನವೊಂದೇ ನಿರ್ಧರಿಸುವುದಿಲ್ಲ. ಸಾಲಿನಲ್ಲಿ ಅದು ಎಲ್ಲಿದೆ ಎಂಬುದೂ ನಿರ್ಧರಿಸುತ್ತದೆ.

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ವಿಚಾರದಲ್ಲಿಯೂ ವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿರುವ ಸತ್ಯ ಬಹುಮಟ್ಟಿಗೆ ಇದೇ. ಸಿಫಿಲಿಸ್, ಗೊನೋರಿಯಾ, ಎಚ್‌ಐವಿ ಮುಂತಾದವು ಯಾರಿಗೆ ತಗಲುತ್ತವೆ ಎಂಬುದಕ್ಕೆ ಸಮಾಜ ಸಾಮಾನ್ಯವಾಗಿ ನಡತೆಯಲ್ಲಿ ಉತ್ತರ ಹುಡುಕುತ್ತದೆ. ಗಣಿತವಾದರೋ ಆ ವ್ಯಕ್ತಿ ಸಂಬಂಧಗಳ ಜಾಲದಲ್ಲಿ ಎಲ್ಲಿ ನಿಂತಿದ್ದಾನೆ ಅಥವಾ ನಿಂತಿದ್ದಾಳೆ ಎಂದು ಕೇಳುತ್ತದೆ. ಜೀವಮಾನದಲ್ಲಿ ಗಂಡನೊಬ್ಬನನ್ನೇ ಬಲ್ಲ ಗೃಹಿಣಿಗೆ ಸೋಂಕು ಬರುವುದು ಹೇಗೆ, ಬೆರಳೆಣಿಕೆಯ ಜನರನ್ನು ತಲುಪಿದರೆ ಇಡೀ ಜಿಲ್ಲೆಯಲ್ಲಿ ರೋಗ ಇಳಿಯುವುದು ಹೇಗೆ ಎಂಬ ಎರಡೂ ಪ್ರಶ್ನೆಗಳಿಗೆ ಈ ಲೆಕ್ಕ ಉತ್ತರ ಕೊಡುತ್ತದೆ. ಈ ಲೆಕ್ಕವನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಒಡ್ಡಿದ ನೆಲಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ರಾಸ್ ಹಾಕಿಕೊಟ್ಟ ದಾರಿ

ರೋಗ ಹರಡುವಿಕೆಗೆ ಗಣಿತವನ್ನು ಅನ್ವಯಿಸಿದ ಮೊದಲಿಗರಲ್ಲಿ ಸರ್ ರೊನಾಲ್ಡ್ ರಾಸ್ ಪ್ರಮುಖರು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿಕೊಟ್ಟು 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಈ ವೈದ್ಯರು ಬೆಂಗಳೂರಿನಲ್ಲಿಯೂ ಸೇವೆ ಸಲ್ಲಿಸಿದ್ದವರು. ಮಲೇರಿಯಾ ನಿಲ್ಲಿಸಲು ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು, ರೋಗ ತಾನಾಗಿ ಕರಗುತ್ತದೆ ಎಂದು ಅವರು ಲೆಕ್ಕದಿಂದ ತೋರಿಸಿದರು. ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಮೆಕೆಂಡ್ರಿಕ್, ಕೆರ್ಮಾಕ್ ಅವರ ಜತೆಗೂಡಿ 1927ರಲ್ಲಿ ಈ ವಿಚಾರವನ್ನು ಸಾಂಕ್ರಾಮಿಕ ರೋಗಗಳಿಗೆಲ್ಲ ಅನ್ವಯವಾಗುವಂತೆ ಬೆಳೆಸಿದರು.

ಅದರ ತಿರುಳು ಸರಳ. ಸೋಂಕಿತ ವ್ಯಕ್ತಿಯೊಬ್ಬ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟಿಸುತ್ತಾನೆ? ಈ ಸಂಖ್ಯೆ ಒಂದಕ್ಕಿಂತ ಹೆಚ್ಚಿದ್ದರೆ ರೋಗ ಬೆಳೆಯುತ್ತದೆ. ಒಂದಕ್ಕಿಂತ ಕಡಿಮೆಯಾದರೆ ನಂದುತ್ತದೆ. ಲೈಂಗಿಕ ಸೋಂಕುಗಳಲ್ಲಿ ಇದು ಮೂರು ಅಂಶಗಳ ಗುಣಲಬ್ಧ: ಸಂಪರ್ಕದಲ್ಲಿ ಸೋಂಕು ದಾಟುವ ಸಾಧ್ಯತೆ, ಸಂಗಾತಿಗಳು ಬದಲಾಗುವ ವೇಗ ಮತ್ತು ವ್ಯಕ್ತಿ ಸೋಂಕು ಹರಡಬಲ್ಲ ಅವಧಿ. ಕಾಂಡೋಮ್ ಮೊದಲನೆಯದನ್ನು ತಗ್ಗಿಸುತ್ತದೆ. ಬೇಗ ಪತ್ತೆ ಹಚ್ಚಿ ಚಿಕಿತ್ಸೆ ನೀಡಿದರೆ ಮೂರನೆಯದು ತಗ್ಗುತ್ತದೆ.

ರೋಗದಿಂದ ರೋಗಕ್ಕೆ ಈ ಅಂಶಗಳು ಬೇರೆ ಬೇರೆ. ಗೊನೋರಿಯಾ ಒಂದೇ ಸಂಪರ್ಕದಲ್ಲಿ ಸುಲಭವಾಗಿ ದಾಟುತ್ತದೆ. ಆದರೆ ಚಿಕಿತ್ಸೆ ದೊರೆತರೆ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ಎಚ್‌ಐವಿ ಗಂಡು ಹೆಣ್ಣಿನ ನಡುವಿನ ಒಂದು ಸಂಪರ್ಕದಲ್ಲಿ ದಾಟುವ ಸಾಧ್ಯತೆ ಸಾವಿರಕ್ಕೆ ಒಂದರ ಆಸುಪಾಸಿನಷ್ಟು ಕಡಿಮೆ; ಆದರೆ ಚಿಕಿತ್ಸೆಯಿಲ್ಲದಿದ್ದರೆ ಅದು ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ದೇಹದಲ್ಲಿ ಉಳಿಯುತ್ತದೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಮತ್ತು ಜನನಾಂಗದಲ್ಲಿ ಹುಣ್ಣುಗಳಿದ್ದಾಗ ಅದು ದಾಟುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಸಿಫಿಲಿಸ್‌ನಂಥ ರೋಗಗಳ ಚಿಕಿತ್ಸೆಯನ್ನು ಎಚ್‌ಐವಿ ನಿಯಂತ್ರಣದ ಭಾಗವೆಂದು ಪರಿಗಣಿಸಿದ್ದು ಈ ಕಾರಣದಿಂದ.

ಎಲ್ಲ ರೋಗಗಳಿಗೂ ಮನುಷ್ಯರ ನಡುವೆ ಗೆರೆ ಎಳೆದು ಪ್ರಯೋಜನವಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡು ಆ ಕಾಡಿನ ಹೆಸರನ್ನೇ ಪಡೆದ ಮಂಗನ ಕಾಯಿಲೆ ಉಣ್ಣೆಯಿಂದ ಮನುಷ್ಯನಿಗೆ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಅಲ್ಲಿ ರೋಗಿಯ ಮನೆಯವರನ್ನು ವಿಚಾರಿಸುವುದಕ್ಕಿಂತ ಕಾಡಿನ ಅಂಚಿನ ಸತ್ತ ಮಂಗಗಳನ್ನು ಗಮನಿಸುವುದು ಮುಖ್ಯ. ಲೈಂಗಿಕ ಸೋಂಕುಗಳು ಇದಕ್ಕೆ ತದ್ವಿರುದ್ಧ. ಅವು ಬಹುಪಾಲು ಸಾಗುವುದು ಇಬ್ಬರ ನಡುವಿನ ಸಂಬಂಧದ ಎಳೆಯ ಮೇಲೆಯೇ. ಆದ್ದರಿಂದ ಎಳೆಗಳ ವಿನ್ಯಾಸ ತಿಳಿಯದೆ ರೋಗದ ಗತಿ ತಿಳಿಯದು.

ಸರಾಸರಿ ಎಂಬ ಮರೀಚಿಕೆ

ಲೆಕ್ಕಕ್ಕಾಗಿ ಒಂದು ಕಲ್ಪಿತ ಊರನ್ನು ತೆಗೆದುಕೊಳ್ಳೋಣ. ಅಲ್ಲಿ 1,000 ವಯಸ್ಕರಿದ್ದಾರೆ. ಅವರಲ್ಲಿ 950 ಮಂದಿಗೆ ವರ್ಷದಲ್ಲಿ ತಲಾ ಒಬ್ಬ ಸಂಗಾತಿ. ಉಳಿದ 50 ಮಂದಿಗೆ ತಲಾ 20. ಒಟ್ಟು 1,950 ಎಳೆಯ ತುದಿಗಳು. ಸರಾಸರಿ ತೆಗೆದರೆ ತಲೆಗೆ ಎರಡಕ್ಕಿಂತಲೂ ಕಡಿಮೆ. ಇದನ್ನು ಮಾತ್ರ ನೋಡಿದವರು ಊರು ಸುರಕ್ಷಿತವೆಂದು ಭಾವಿಸಬಹುದು.

ಆದರೆ ಸೋಂಕು ಸರಾಸರಿಯನ್ನು ನೋಡಿ ಸಾಗುವುದಿಲ್ಲ, ಎಳೆಯನ್ನು ಹಿಡಿದು ಸಾಗುತ್ತದೆ. ಯಾವುದಾದರೊಂದು ಎಳೆಯನ್ನು ಹಿಡಿದು ಅದರ ಇನ್ನೊಂದು ತುದಿಗೆ ಹೋದರೆ ಅಲ್ಲಿ ಯಾರು ಸಿಗುತ್ತಾರೆ? 1,950 ತುದಿಗಳಲ್ಲಿ 1,000 ತುದಿಗಳು ಆ 50 ಮಂದಿಯವು. ಜನಸಂಖ್ಯೆಯಲ್ಲಿ ಅವರು ಶೇ 5ರಷ್ಟೇ ಆದರೂ ಎಳೆಯ ತುದಿಯಲ್ಲಿ ಅವರೇ ಸಿಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಹೀಗೆ ತುದಿಯಲ್ಲಿ ಸಿಗುವ ವ್ಯಕ್ತಿಗಿರುವ ಎಳೆಗಳ ಸರಾಸರಿ ತೆಗೆದರೆ ಅದು ಎರಡಲ್ಲ, ಸುಮಾರು 10.7. ಸೋಂಕಿನ ಕಣ್ಣಿಗೆ ಕಾಣುವ ಊರು ಇದು.

ಈಗ ಆ 50 ಮಂದಿಯ 20 ಸಂಬಂಧಗಳಲ್ಲಿ 16ರಲ್ಲಿ ತಪ್ಪದೆ ಕಾಂಡೋಮ್ ಬಳಕೆಯಾಯಿತೆಂದು ಭಾವಿಸೋಣ. ತಲಾ ನಾಲ್ಕು ಎಳೆಗಳು ಮಾತ್ರ ಸೋಂಕಿಗೆ ತೆರೆದಿರುತ್ತವೆ. ಹೊಸದಾಗಿ ಲೆಕ್ಕ ಹಾಕಿದರೆ 10.7 ಇದ್ದ ಸಂಖ್ಯೆ ಸುಮಾರು 1.5ಕ್ಕೆ ಕುಸಿಯುತ್ತದೆ. ಉಳಿದ 950 ಮಂದಿಯ ಬದುಕಿನಲ್ಲಿ ಏನನ್ನೂ ಬದಲಿಸದೆ ಇಷ್ಟು ಫಲ. ವಾಸ್ತವದಲ್ಲಿ ಜನ ಹೀಗೆ ಗೊತ್ತುಗುರಿಯಿಲ್ಲದೆ ಬೆರೆಯುವುದಿಲ್ಲ. ಇದು ತತ್ವವನ್ನು ತೋರಿಸಲು ಮಾಡಿದ ಸರಳ ಲೆಕ್ಕ. ಆದರೂ ಅಮೆರಿಕದ ಗಣಿತಜ್ಞರಾದ ಹೆತ್‌ಕೋಟ್ ಮತ್ತು ಯಾರ್ಕ್ 1984ರಲ್ಲಿ ಗೊನೋರಿಯಾ ಕುರಿತು ಮಂಡಿಸಿದ ಸಿದ್ಧಾಂತದ ಸಾರ ಇದೇ. ರೋಗವನ್ನು ಜೀವಂತವಾಗಿಡುವುದು ಸಣ್ಣದೊಂದು ಕೇಂದ್ರ ಗುಂಪು. ಅಲ್ಲಿ ಪ್ರಸರಣ ನಿಂತರೆ ಉಳಿದೆಡೆಯೂ ಅದು ಬಾಳುವುದಿಲ್ಲ.

ಒಂದರ ನಂತರ ಒಂದೋ, ಒಟ್ಟಿಗೇ ಎರಡೋ?

ಎಳೆಗಳ ಸಂಖ್ಯೆಯಷ್ಟೇ ಮುಖ್ಯವಾದದ್ದು ಅವುಗಳ ಕಾಲಕ್ರಮ. ಕೆರೆ ಸಾಲಿನ ಹೋಲಿಕೆ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಒಬ್ಬ ವ್ಯಕ್ತಿ ಒಂದು ಸಂಬಂಧ ಮುಗಿದ ಬಳಿಕ ಮತ್ತೊಂದನ್ನು ಆರಂಭಿಸಿದರೆ, ಎರಡನೆಯ ಸಂಗಾತಿಯಿಂದ ಬಂದ ಸೋಂಕು ಅವನ ಮೂಲಕ ಮೊದಲನೆಯವಳಿಗೆ ಹೋಗಲಾರದು; ಕಾಲ ಹಿಂದಕ್ಕೆ ಹರಿಯುವುದಿಲ್ಲ. ಆದರೆ ಎರಡೂ ಸಂಬಂಧಗಳು ಏಕಕಾಲದಲ್ಲಿ ನಡೆಯುತ್ತಿದ್ದರೆ ಹರಿವು ಎರಡೂ ದಿಕ್ಕಿಗೆ ತೆರೆದುಕೊಳ್ಳುತ್ತದೆ. ಜತೆಗೆ, ಎಚ್‌ಐವಿ ಅತಿ ಸುಲಭವಾಗಿ ದಾಟುವ ಮೊದಲ ವಾರಗಳಲ್ಲಿಯೇ ಎರಡನೆಯ ಸಂಗಾತಿಯೂ ಸಂಪರ್ಕದಲ್ಲಿರುತ್ತಾರೆ.

ಸಂಗಾತಿಗಳ ಒಟ್ಟು ಸಂಖ್ಯೆ ಒಂದೇ ಇದ್ದರೂ ಸಂಬಂಧಗಳು ಏಕಕಾಲದಲ್ಲಿದ್ದರೆ ಸೋಂಕು ಬಹಳ ವೇಗವಾಗಿ ಹರಡುತ್ತದೆಂದು ಮಾರ್ಟಿನಾ ಮಾರಿಸ್ ಮತ್ತು ಮಿರ್ಯಮ್ ಕ್ರೆಟ್ಸ್‌ಮಾರ್ 1990ರ ದಶಕದಲ್ಲಿ ಕಂಪ್ಯೂಟರ್ ಮಾದರಿಗಳಿಂದ ತೋರಿಸಿದರು. ಆಫ್ರಿಕಾದ ಎಚ್‌ಐವಿ ಪಿಡುಗಿನಲ್ಲಿ ಇದರ ಪಾಲು ಎಷ್ಟು ಎಂಬ ಬಗ್ಗೆ ಮುಂದೆ ತಜ್ಞರಲ್ಲಿ ಬಿರುಸಿನ ಚರ್ಚೆಯೇ ನಡೆಯಿತು. ಕಾಲಕ್ರಮ ಗಣನೆಗೆ ಬರಬೇಕು ಎಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ.

ಕೆಲವೇ ಸಂಗಾತಿಗಳಿರುವವರ ನಡುವೆಯೂ ದೊಡ್ಡ ಜಾಲ ಹುಟ್ಟಬಹುದೆಂಬುದಕ್ಕೆ ಅಮೆರಿಕದ ಪ್ರೌಢಶಾಲೆಯೊಂದರ ಅಧ್ಯಯನ ಪ್ರಸಿದ್ಧ ಉದಾಹರಣೆ. ಪೀಟರ್ ಬೇರ್‌ಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಪ್ರಣಯ ಅಥವಾ ಲೈಂಗಿಕ ಸಂಬಂಧ ಹೊಂದಿದ್ದ ವಿದ್ಯಾರ್ಥಿಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ 288 ಮಂದಿ, ಒಂದೇ ಉದ್ದನೆಯ ಸರಪಳಿಯಲ್ಲಿ ಪೋಣಿಸಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರಿಗೆ ಗೊತ್ತಿದ್ದದ್ದು ತಮ್ಮ ಒಬ್ಬಿಬ್ಬರು ಸಂಗಾತಿಗಳು ಮಾತ್ರ. ತಾವು 288 ಮಂದಿಯ ಸರಪಳಿಯ ಕೊಂಡಿಗಳೆಂಬುದನ್ನು ಯಾರೂ ಕನಸಿನಲ್ಲಿಯೂ ಎಣಿಸಿರಲಾರರು. ಅಂಥ ಸರಪಳಿ ಅಷ್ಟೇ ಸುಲಭವಾಗಿ ತುಂಡಾಗುತ್ತದೆ ಎಂಬುದು ಸಮಾಧಾನದ ಸಂಗತಿ. ನಡುವಿನ ಒಂದೆರಡು ಕೊಂಡಿಗಳು ಕಳಚಿದರೆ ಸಾಕು, ಅದು ಬಿಡಿ ತುಣುಕುಗಳಾಗಿ ಒಡೆಯುತ್ತದೆ.

ಜಾಲದ ಆಕಾರ ಬೇರೆಯಾದರೆ ಮದ್ದೂ ಬೇರೆ. ಕೇಂದ್ರದಲ್ಲಿ ಕೆಲವರಿಗೆ ಬಹಳ ಎಳೆಗಳಿದ್ದರೆ ಮೊದಲು ಅವರನ್ನು ತಲುಪಬೇಕು. ಉದ್ದನೆಯ ಸರಪಳಿಯಾದರೆ ಎಲ್ಲರಿಗೂ ಸಾಮಾನ್ಯ ಅರಿವು, ಪರೀಕ್ಷೆ ಬೇಕು. ಹಾಗಾದರೆ ಕರ್ನಾಟಕದ ಜಾಲ ಯಾವ ಬಗೆಯದಾಗಿತ್ತು?

ಬಾಗಲಕೋಟೆಯಿಂದ ಬಂದ ಎಚ್ಚರಿಕೆ

ಎಚ್‌ಐವಿ ನಗರಗಳ ರೋಗ, ಲಾರಿ ಚಾಲಕರ ರೋಗ ಎಂಬ ಮಾತು ಪ್ರಚಲಿತವಾಗಿದ್ದ ಕಾಲವದು. ಭಾರತ ಮತ್ತು ಕೆನಡಾ ಸಹಯೋಗದ ಏಡ್ಸ್ ಯೋಜನೆಯಡಿ 2003ರಲ್ಲಿ ಬಾಗಲಕೋಟೆ ಜಿಲ್ಲೆಯ ವಯಸ್ಕರಲ್ಲಿ ನಡೆದ ಸಮೀಕ್ಷೆ ಆ ನಂಬಿಕೆಯನ್ನು ಅಲುಗಾಡಿಸಿತು. ಅಲ್ಲಿ ಶೇ 2.9ರಷ್ಟು ಮಂದಿಯಲ್ಲಿ ಎಚ್‌ಐವಿ ಪತ್ತೆಯಾಯಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಪ್ರಮಾಣ ಹೆಚ್ಚಾಗಿತ್ತು. ಎರಡು ವರ್ಷಗಳ ನಂತರ, 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ಕರ್ನಾಟಕದ ಪ್ರಮಾಣ ಶೇ 0.69, ದೇಶದ ಪ್ರಮಾಣ ಶೇ 0.28 ಎಂದು ದಾಖಲಾಯಿತು. ಬಾಗಲಕೋಟೆಯ ಅಂಕಿ ಎಷ್ಟು ಗಂಭೀರವಾಗಿತ್ತು ಎಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಇದಕ್ಕೆ ಸಾಮಾಜಿಕ ಹಿನ್ನೆಲೆಯಿತ್ತು. ಕರ್ನಾಟಕ 1982ರಲ್ಲಿಯೇ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಮಾಡಿದ್ದರೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದರ ಪಳೆಯುಳಿಕೆ ಉಳಿದಿತ್ತು. ಬಡತನ ಮತ್ತು ಈ ಪದ್ಧತಿಯ ಸುಳಿಗೆ ಸಿಲುಕಿದ ಹೆಣ್ಣುಮಕ್ಕಳು ಮುಂಬೈ, ಪುಣೆ, ಸಾಂಗ್ಲಿಗಳಿಗೆ ಹೋಗಿ ಬರುತ್ತಿದ್ದರು. ಹೀಗೆ ಮಹಾನಗರದ ಜಾಲಕ್ಕೂ ಕುಗ್ರಾಮದ ಜಾಲಕ್ಕೂ ನೇರ ಕೊಂಡಿ ಬೆಸೆದಿತ್ತು.

ಗಿರಾಕಿಗಳು ಈ ಜಾಲದ ಸೇತುವೆಗಳು. ಅವರ ಒಂದು ಎಳೆ ಕೇಂದ್ರ ಗುಂಪಿನತ್ತ, ಇನ್ನೊಂದು ಎಳೆ ಮನೆಯತ್ತ. ಸೇತುವೆಯ ಈಚೆ ದಡದಲ್ಲಿದ್ದವಳು ಹೆಂಡತಿ. ಪುಣೆಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದ, ಲೈಂಗಿಕ ವೃತ್ತಿಯಲ್ಲಿಲ್ಲದ 391 ಮಹಿಳೆಯರಲ್ಲಿ ಶೇ 13.6ರಷ್ಟು ಮಂದಿಗೆ ಎಚ್‌ಐವಿ ತಗಲಿರುವುದನ್ನು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಯಲಿಗೆ ತಂದಿತು. ಅವರಲ್ಲಿ ಬಹುತೇಕರಿಗೆ ಜೀವನದಲ್ಲಿ ಇದ್ದ ಸಂಗಾತಿ ಗಂಡನೊಬ್ಬನೇ. ಪಾತಿವ್ರತ್ಯ ಅವರನ್ನು ಕಾಯಲಿಲ್ಲ; ಕಾಯುವುದು ಸಾಧ್ಯವೂ ಇರಲಿಲ್ಲ. ಜಾಲದಲ್ಲಿ ಅವರ ಸ್ಥಾನವನ್ನು ನಿರ್ಧರಿಸಿದ್ದು ಅವರ ಎಳೆಯಲ್ಲ, ಗಂಡನ ಎಳೆಗಳು.

ಮಾದರಿ ತೋರಿದ ಹಾದಿ

ಇದೇ ಅವಧಿಯಲ್ಲಿ, 2002ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ನಿಕೊ ನಾಗೆಲ್‌ಕೆರ್ಕೆ, ಪ್ರಭಾತ್ ಝಾ ಮೊದಲಾದವರ ಲೇಖನವೊಂದು ಪ್ರಕಟವಾಯಿತು. ಆಫ್ರಿಕಾದ ಬೋಟ್ಸ್‌ವಾನಾ ಮತ್ತು ಭಾರತ ಎರಡನ್ನೂ ಒಂದೇ ಬಗೆಯ ಗಣಿತ ಮಾದರಿಯಲ್ಲಿಟ್ಟು ಅವರು ಪರೀಕ್ಷಿಸಿದ್ದರು. ಬೋಟ್ಸ್‌ವಾನಾದಲ್ಲಿ ಯಾವುದೇ ಒಂದು ಕ್ರಮದಿಂದ ಪಿಡುಗು ನಂದದು ಎಂದಿತು ಮಾದರಿ. ಭಾರತದಲ್ಲಿ ಮಾತ್ರ ಲೈಂಗಿಕ ಕಾರ್ಯಕರ್ತೆಯರು ಮತ್ತು ಅವರ ಗಿರಾಕಿಗಳ ನಡುವಿನ ಪ್ರಸರಣವನ್ನು ತಡೆಯುವ ಕಾರ್ಯಕ್ರಮವೊಂದೇ, ವ್ಯಾಪಕವಾಗಿ ನಡೆದರೆ, ಪಿಡುಗನ್ನು ಕಾಲಕ್ರಮೇಣ ಅಳಿಸಬಲ್ಲದು ಎಂದು ಅದು ಸೂಚಿಸಿತು. ದಕ್ಷಿಣ ಭಾರತದ ಜಾಲ ಕೇಂದ್ರವುಳ್ಳ ಜಾಲ ಎಂಬುದು ಇದರ ತಾತ್ಪರ್ಯ.

ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ಧನಸಹಾಯದ 'ಅವಾಹನ್' ಯೋಜನೆ 2003ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದರ ಹೊಣೆಯನ್ನು ಮುಖ್ಯವಾಗಿ ಹೊತ್ತದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ರಾಜ್ಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಜತೆಜತೆಗೆ ಕೆಲಸ ಸಾಗಿತು. ಕಾಂಡೋಮ್ ವಿತರಣೆ, ಲೈಂಗಿಕ ರೋಗಗಳಿಗೆ ಚಿಕಿತ್ಸೆ, ಸಮುದಾಯದಿಂದಲೇ ಆರಿಸಿದ ಸಹಶಿಕ್ಷಕಿಯರ ಮೂಲಕ ಸಂಪರ್ಕ ಇದರ ತಳಹದಿ.

ಮೈಸೂರಿನ ಅನುಭವ ಇದಕ್ಕೆ ಸಾಕ್ಷಿ. ಅಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ನಡೆಸಿದ, ಆಶೋದಯ ಸಮಿತಿಯಾಗಿ ಬೆಳೆದ ಕಾರ್ಯಕ್ರಮದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. 2004ರಿಂದ 2006ರ ನಡುವೆ ಸಿಫಿಲಿಸ್ ಪ್ರಮಾಣ ಶೇ 25ರಿಂದ 12ಕ್ಕೆ, ಗೊನೋರಿಯಾ ಶೇ 5ರಿಂದ 2ಕ್ಕೆ ಇಳಿಯಿತು. ಅಪರೂಪದ ಗಿರಾಕಿಗಳೊಡನೆ ಕೊನೆಯ ಸಂಪರ್ಕದಲ್ಲಿ ಕಾಂಡೋಮ್ ಬಳಸಿದವರ ಪ್ರಮಾಣ ಶೇ 65ರಿಂದ 90ಕ್ಕೆ ಏರಿತು. ಆದರೆ ಎಚ್‌ಐವಿ ಪ್ರಮಾಣ ಶೇ 26ರಿಂದ 24ಕ್ಕೆ ಮಾತ್ರ ಬಂದಿತ್ತು.

ಇದು ವೈಫಲ್ಯವಲ್ಲ. ಸಿಫಿಲಿಸ್, ಗೊನೋರಿಯಾಗಳು ಚಿಕಿತ್ಸೆಯಿಂದ ವಾಸಿಯಾಗುತ್ತವೆ. ಹೊಸ ಸೋಂಕು ನಿಂತರೆ ಒಟ್ಟು ಸಂಖ್ಯೆ ಬೇಗ ಇಳಿಯುತ್ತದೆ. ಎಚ್‌ಐವಿ ದೇಹವನ್ನು ಬಿಟ್ಟು ಹೋಗುವುದಿಲ್ಲ. ಕೆರೆಗೆ ಒಳಹರಿವು ನಿಂತರೂ ತುಂಬಿದ ನೀರು ತಕ್ಷಣ ಬತ್ತದು. ಇಂಥ ಕಡೆ ಕಾರ್ಯಕ್ರಮ ಫಲಿಸಿತೇ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಒಳಹರಿವು ಎಷ್ಟು ತಗ್ಗಿತೆಂದು ಅಂದಾಜು ಮಾಡಲು ಗಣಿತ ಮಾದರಿಯೇ ಬೇಕು.

ಮೈಸೂರಿನ ಅಂಕಿಗಳಲ್ಲಿ ಇನ್ನೊಂದು ಪಾಠವಿದೆ. ಕಾಯಂ ಸಂಗಾತಿಯೊಡನೆ ಕಾಂಡೋಮ್ ಬಳಕೆ ಶೇ 7ರಿಂದ 30ಕ್ಕೆ ಏರಿದ್ದರೂ ಅದು ಕಡಿಮೆಯೇ. ಪ್ರೀತಿ, ನಂಬಿಕೆ ಇರುವಲ್ಲಿ ಕಾಂಡೋಮ್ ಕೇಳುವುದು ಅವಿಶ್ವಾಸದ ಮಾತಾಗುತ್ತದೆ. ಕಾರ್ಯಕರ್ತೆಯ ವಿಷಯದಲ್ಲಿ ನಿಜವಾದ ಈ ಮಾತು ಗೃಹಿಣಿಯ ವಿಷಯದಲ್ಲಿ ಇನ್ನೂ ನಿಜ.

ಗುಟ್ಟಿನ ಪ್ರಶ್ನೆಗೆ ಮತಪೆಟ್ಟಿಗೆ

ಮಾದರಿಗೆ ಉಣಿಸುವ ಮಾಹಿತಿ ಸುಳ್ಳಾದರೆ ಉತ್ತರವೂ ಸುಳ್ಳು. ಮನೆ ಬಾಗಿಲಿಗೆ ಬಂದ ಅಪರಿಚಿತರು ಸಂಗಾತಿಗಳೆಷ್ಟು ಎಂದು ಕೇಳಿದರೆ ನಿಜ ಹೇಳುವವರು ಎಷ್ಟು ಮಂದಿ? ಈ ತೊಡಕಿಗೆ ಕರ್ನಾಟಕದ ಅಧ್ಯಯನಗಳಲ್ಲಿ ಬಳಸಿದ ಉಪಾಯ ನಮ್ಮ ಚುನಾವಣೆಯಿಂದಲೇ ಎರವಲು ಪಡೆದದ್ದು. ಒಂದು ಗುಂಪಿನ ಜನರನ್ನು ಮತಗಟ್ಟೆಯಂಥ ಮರೆಯಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸುತ್ತಾರೆ. ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಹೌದು ಅಥವಾ ಇಲ್ಲ ಎಂಬುದಕ್ಕೆ ಒಂದೊಂದು ಚೀಟಿಯನ್ನು ಪೆಟ್ಟಿಗೆಗೆ ಹಾಕಿದರಾಯಿತು. ಚೀಟಿಯ ಮೇಲೆ ಹೆಸರಿಲ್ಲ. ಯಾರು ಏನೆಂದರೆಂದು ಸಮೀಕ್ಷಕರಿಗೂ ತಿಳಿಯದು. ಗುಂಪಿನ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ.

ವ್ಯತ್ಯಾಸ ಬೆರಗು ಹುಟ್ಟಿಸುವಂಥದ್ದು. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ಮೇಲಿನ ಹಿಂಸೆ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದಿನ ಒಂದು ವರ್ಷದಲ್ಲಿ ತಮ್ಮ ಮೇಲೆ ಹಲ್ಲೆ ಅಥವಾ ಅತ್ಯಾಚಾರ ನಡೆದಿದೆಯೆಂದು ಮುಖಾಮುಖಿ ಸಂದರ್ಶನದಲ್ಲಿ ಹೇಳಿದವರು ಶೇ 11. ಮತಪೆಟ್ಟಿಗೆ ವಿಧಾನದಲ್ಲಿ ಹೌದೆಂದವರು ಶೇ 26.4. ಅದೇ ಅಧ್ಯಯನದ ಪ್ರಕಾರ, ಹಿಂದಿನ ತಿಂಗಳು ಗಿರಾಕಿಗಳೊಡನೆ ಅಸುರಕ್ಷಿತ ಸಂಪರ್ಕವೇ ನಡೆದಿಲ್ಲ ಎಂದವರು ಹಿಂಸೆಗೆ ಒಳಗಾಗದವರಲ್ಲಿ ಶೇ 75.5ರಷ್ಟಿದ್ದರೆ, ಒಳಗಾದವರಲ್ಲಿ ಶೇ 55.4 ಮಾತ್ರ. ಗೊನೋರಿಯಾ ಹಿಂಸೆಗೊಳಗಾದವರಲ್ಲಿ ಶೇ 5, ಉಳಿದವರಲ್ಲಿ ಶೇ 2.6.

ಈ ಅಂಕಿಗಳು ಹೇಳುವ ಮಾತು ಸ್ಪಷ್ಟ. ಕಾಂಡೋಮ್ ಬೇಕೆಂದು ಹಟ ಹಿಡಿಯಲು ಹೆಣ್ಣಿಗೆ ಧೈರ್ಯ ಬೇಕು; ಪೆಟ್ಟು ತಿನ್ನುವ ಭಯವಿದ್ದಲ್ಲಿ ಆ ಧೈರ್ಯ ಬಾರದು. ಜಾಲದ ಕೇಂದ್ರದಲ್ಲಿರುವವರನ್ನು ಹೊಡೆದು ಓಡಿಸಿದರೆ ಕೇಂದ್ರ ಅಳಿಯುವುದಿಲ್ಲ, ಕಣ್ಮರೆಯಾಗುತ್ತದೆ, ಅಷ್ಟೆ. ಕಣ್ಮರೆಯಾದವರನ್ನು ಯಾವ ಚಿಕಿತ್ಸಾಲಯವೂ ತಲುಪಲಾರದು. ಸಹಶಿಕ್ಷಕಿಯರು, ಸಮುದಾಯ ಸಂಘಟನೆ, ಪೊಲೀಸರಿಗೆ ತಿಳಿವಳಿಕೆ ನೀಡುವುದು ಮುಂತಾದವನ್ನು ರೋಗ ನಿಯಂತ್ರಣದ ಅಂಗವಾಗಿಯೇ ಕೈಗೊಂಡದ್ದಕ್ಕೆ ಕಾರಣ ಇದು. ಮಾದರಿಯಲ್ಲಿ ಒಂದು ಎಳೆಯನ್ನು ಕತ್ತರಿಸುವುದು ಲೇಖನಿಯ ಒಂದು ಗೀಟು. ನೆಲದ ಮೇಲೆ ಅದು ಒಬ್ಬ ಹೆಣ್ಣುಮಗಳ ಘನತೆಯ ಪ್ರಶ್ನೆ.

ಎಷ್ಟು ಸೋಂಕು ತಪ್ಪಿತು?

ದಕ್ಷಿಣದ ರಾಜ್ಯಗಳಲ್ಲಿ ಪ್ರಸವಪೂರ್ವ ತಪಾಸಣೆಗೆ ಬಂದ 15ರಿಂದ 24 ವರ್ಷದ ಮಹಿಳೆಯರಲ್ಲಿ ಎಚ್‌ಐವಿ ಪ್ರಮಾಣ 2000ದಲ್ಲಿ ಶೇ 1.7 ಇದ್ದದ್ದು 2004ರಲ್ಲಿ ಶೇ 1.1ಕ್ಕೆ ಇಳಿದಿತ್ತೆಂದು 2006ರ ಅಧ್ಯಯನವೊಂದು ತೋರಿಸಿತು. ಅಂದರೆ ಅವಾಹನ್ ವ್ಯಾಪಕವಾಗುವ ಮೊದಲೇ ಇಳಿಕೆ ಆರಂಭವಾಗಿತ್ತು. ಹಾಗಿದ್ದಲ್ಲಿ ಯಾವ ಕಾರ್ಯಕ್ರಮಕ್ಕೆ ಎಷ್ಟು ಶ್ರೇಯ?

ಉತ್ತರ ಒಂದೇ ಅಲ್ಲ. 2003ರಿಂದ 2008ರ ನಡುವೆ ಅವಾಹನ್‌ನಿಂದ ಸುಮಾರು ಒಂದು ಲಕ್ಷ ಸೋಂಕುಗಳು ತಪ್ಪಿದವೆಂದು 2011ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಂದಾಜಿಸಿತು. ಪ್ರಸರಣದ ಗಣಿತ ಮಾದರಿಯನ್ನೇ ಬಳಸಿದ 2013ರ ಅಧ್ಯಯನ, ದಕ್ಷಿಣದ ನಾಲ್ಕು ರಾಜ್ಯಗಳ 69 ಜಿಲ್ಲೆಗಳಲ್ಲಿ ಮೊದಲ ನಾಲ್ಕು ವರ್ಷಗಳಲ್ಲಿ 2 ಲಕ್ಷಕ್ಕೂ ಹೆಚ್ಚು, ಹತ್ತು ವರ್ಷಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಸೋಂಕುಗಳು ತಪ್ಪಿದವೆಂದು ಲೆಕ್ಕ ಹಾಕಿತು. ವಿಧಾನ ಬೇರೆ, ಊಹೆಗಳು ಬೇರೆ. ಹೀಗಾಗಿ ಸಂಖ್ಯೆಯೂ ಬೇರೆ. ಆಗದೆ ಹೋದ ಸೋಂಕನ್ನು ಎಣಿಸುವುದು ಬಾರದೆ ಹೋದ ನೆರೆಯನ್ನು ಅಳೆದಂತೆ. ನೆರೆ ಬಂದಿದ್ದರೆ ಎಷ್ಟಿರುತ್ತಿತ್ತು ಎಂಬ ಊಹೆಯ ಮೇಲೆಯೇ ಅಳತೆ ನಿಂತಿರುತ್ತದೆ. ಆದರೂ ಎರಡೂ ಲೆಕ್ಕಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ.

ಇಷ್ಟಾಗಿಯೂ ಪಿಡುಗು ಅಳಿದಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ 0.2, ಸೋಂಕಿನೊಡನೆ ಬದುಕುತ್ತಿರುವವರು 25 ಲಕ್ಷಕ್ಕೂ ಅಧಿಕ. ಜಾಲದ ಆಕಾರವೂ ಬದಲಾಗುತ್ತಿದೆ. ನಿರ್ದಿಷ್ಟ ಜಾಗದಲ್ಲಿ ಸಿಗುತ್ತಿದ್ದ ಗಿರಾಕಿ ಈಗ ಮೊಬೈಲ್ ಫೋನಿನಲ್ಲಿ ಸಿಗುತ್ತಾನೆ. ಹಳೆಯ ನಕ್ಷೆಯನ್ನು ಹಿಡಿದು ಹೊಸ ಜಾಲದಲ್ಲಿ ಓಡಾಡಲಾಗದು.

ಒಬ್ಬರ ಚಿಕಿತ್ಸೆ ಅರ್ಧ ಚಿಕಿತ್ಸೆ

ಓದುಗರು ಈ ಗಣಿತದಿಂದ ತಮ್ಮ ಬದುಕಿಗೆ ತೆಗೆದುಕೊಳ್ಳಬೇಕಾದದ್ದೇನು? ಮೊದಲನೆಯದು, ಜಾಲದಲ್ಲಿ ತಾವೆಲ್ಲಿದ್ದೇವೆಂದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ತಮ್ಮ ಎಳೆ ಗೊತ್ತು. ಸಂಗಾತಿಯ ಎಳೆಗಳು ಸಂಗಾತಿಗಷ್ಟೇ ಗೊತ್ತು. ಅದರಾಚೆಯವು ಇಬ್ಬರಿಗೂ ಗೊತ್ತಿಲ್ಲ. ಆದ್ದರಿಂದ ಪರೀಕ್ಷೆ ಮಾಡಿಸಿಕೊಳ್ಳುವುದು ತಪ್ಪೊಪ್ಪಿಗೆಯೂ ಅಲ್ಲ, ಸಂಗಾತಿಯ ಮೇಲಿನ ಆರೋಪವೂ ಅಲ್ಲ. ಹಲವು ಲೈಂಗಿಕ ಸೋಂಕುಗಳು, ಅದರಲ್ಲೂ ಮಹಿಳೆಯರಲ್ಲಿ, ಲಕ್ಷಣವನ್ನೇ ತೋರುವುದಿಲ್ಲ.

ಎರಡನೆಯದು, ಒಬ್ಬರಿಗೆ ಮಾತ್ರ ಔಷಧ ಕೊಟ್ಟರೆ ಎಳೆ ಹಾಗೆಯೇ ಉಳಿಯುತ್ತದೆ. ಗುಣವಾದ ಗಂಡನಿಗೆ ಹೆಂಡತಿಯಿಂದ, ಗುಣವಾದ ಹೆಂಡತಿಗೆ ಗಂಡನಿಂದ ಸೋಂಕು ಮರಳುತ್ತದೆ. ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ' ಚಿಕಿತ್ಸಾಲಯಗಳಲ್ಲಿ ರೋಗಲಕ್ಷಣಕ್ಕೆ ಅನುಗುಣವಾಗಿ ಬೇರೆ ಬೇರೆ ಬಣ್ಣದ ಔಷಧ ಪೊಟ್ಟಣಗಳನ್ನು ಉಚಿತವಾಗಿ ನೀಡುವ ವ್ಯವಸ್ಥೆಯಿದೆ. ಸಂಗಾತಿಗೂ ಚಿಕಿತ್ಸೆ ಕೊಡಿಸುವುದು ಅದರ ಭಾಗ. ಆರಂಭದ ಹಂತದ ಸಿಫಿಲಿಸ್‌ಗೆ ಪೆನಿಸಿಲಿನ್‌ನ ಒಂದು ಚುಚ್ಚುಮದ್ದು ಸಾಮಾನ್ಯವಾಗಿ ಸಾಕು. ಎಚ್‌ಐವಿಗೆ 2004ರಿಂದ ಉಚಿತ ಎಆರ್‌ಟಿ ಚಿಕಿತ್ಸೆ ಲಭ್ಯವಿದೆ. ಮಾತ್ರೆಗಳನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲಿಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ದಾಟುವುದಿಲ್ಲ ಎಂಬುದು ಈಗ ಸ್ಥಾಪಿತವಾದ ಸತ್ಯ. ಚಿಕಿತ್ಸೆ ಪಡೆಯುತ್ತಿರುವ ವ್ಯಕ್ತಿ ಜಾಲದ ಅಪಾಯದ ಕೊಂಡಿಯಲ್ಲ. ಸೋಂಕನ್ನು ತಡೆದು ನಿಲ್ಲಿಸುವ ಏರಿ.

ಮೂರನೆಯದು ಗೋಪ್ಯತೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ಕಾಯ್ದೆಯಲ್ಲಿಯೇ ಹೇಳಿರುವ ಸಂದರ್ಭಗಳನ್ನು ಬಿಟ್ಟರೆ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ಸೋಂಕಿನ ಸ್ಥಿತಿಯನ್ನು ಬಹಿರಂಗಪಡಿಸುವಂತಿಲ್ಲ. ಸಂಗಾತಿಗೆ ಅಪಾಯವಿದ್ದು, ಸಲಹೆ ನೀಡಿದ ಬಳಿಕವೂ ವ್ಯಕ್ತಿ ತಿಳಿಸದಿದ್ದರೆ ಮಾತ್ರ ವೈದ್ಯರು ಅಥವಾ ಆಪ್ತ ಸಮಾಲೋಚಕರು, ಆ ವ್ಯಕ್ತಿಗೆ ಮೊದಲೇ ಹೇಳಿ, ಸಂಗಾತಿಗೆ ಖುದ್ದಾಗಿ ತಿಳಿಸಬಹುದು. ಹಾಗೆ ತಿಳಿಸಿದರೆ ಮಹಿಳೆ ಹಿಂಸೆಗೆ ಗುರಿಯಾಗುವ, ಮನೆಯಿಂದ ಹೊರದೂಡಲ್ಪಡುವ ಅಪಾಯವಿದ್ದಲ್ಲಿ ಅವಳಿಗೆ ಕಾಯ್ದೆಯ ರಕ್ಷಣೆಯಿದೆ. ಮಾಹಿತಿ ಬೇಕಾದವರು 1097 ಸಂಖ್ಯೆಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು.

ಗಣಿತ ಮಾದರಿಗೆ ವ್ಯಕ್ತಿಯ ಹೆಸರು ಬೇಕಿಲ್ಲ, ಜಾತಿ ಬೇಕಿಲ್ಲ, ನಡತೆಯ ಪ್ರಮಾಣಪತ್ರವೂ ಬೇಕಿಲ್ಲ. ಅದಕ್ಕೆ ಕಾಣುವುದು ಚುಕ್ಕಿಗಳು ಮತ್ತು ಎಳೆಗಳು ಮಾತ್ರ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತ ಮನುಷ್ಯನನ್ನು ನಾವೂ ಅಷ್ಟೇ ನಿರ್ವಿಕಾರವಾಗಿ ನೋಡುವುದನ್ನು ಕಲಿತರೆ, ಆತ ಒಳಗೆ ಹೋಗಲು ಹಿಂಜರಿಯುವುದಿಲ್ಲ. ಆತ ಒಳಗೆ ಹೋದರೆ ಆತನ ಹೆಂಡತಿ ಉಳಿಯುತ್ತಾಳೆ, ಹುಟ್ಟುವ ಮಗುವೂ ಉಳಿಯುತ್ತದೆ.